ಹುಟ್ಟುವ ಮೊದಲೇ ಮೂತ್ರಕ್ಕೆ ತಡೆ: ಗಂಡುಮಗುವಿನ ಕಿಡ್ನಿಯನ್ನು ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ನನಗೆ ಈಗ 22ನೇ ವಾರ. ಕಳೆದ ವಾರದ ಸ್ಕ್ಯಾನ್‌ನಲ್ಲಿ ಮಗುವಿನ ಮೂತ್ರಕೋಶ ತುಂಬಾ ಹಿಗ್ಗಿದೆ, ಎರಡೂ ಕಿಡ್ನಿಗಳು ಊದಿಕೊಂಡಿವೆ, ಗರ್ಭದ ನೀರು ಸ್ವಲ್ಪ ಕಡಿಮೆಯಾಗಿದೆ ಎಂದು ಬರೆದಿದ್ದಾರೆ. ಇದು ‘ಪೋಸ್ಟೀರಿಯರ್ ಯುರೆತ್ರಲ್ ವಾಲ್ವ್’ ಇರಬಹುದು, ಗಂಡುಮಕ್ಕಳಲ್ಲಿ ಮಾತ್ರ ಬರುವ ತೊಂದರೆ ಎಂದು ವೈದ್ಯರು ಹೇಳಿದರು. ಗರ್ಭದಲ್ಲಿಯೇ ನಳಿಕೆ ಹಾಕಿಸಬೇಕೇ? ಬೇಗ ಹೆರಿಗೆ ಮಾಡಿಸಿದರೆ ಕಿಡ್ನಿ ಉಳಿಯುತ್ತದೆಯೇ? ಹುಟ್ಟಿದ ಮೇಲೆ ಆಪರೇಷನ್ ಮಾಡಿದರೆ ಪೂರ್ತಿ ವಾಸಿಯಾಗುತ್ತದೆಯೇ? ನನ್ನಿಂದ ಏನಾದರೂ ತಪ್ಪಾಯಿತೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಅದು ಮನಸ್ಸನ್ನು ಕೊರೆಯುತ್ತಿರುವಾಗ ಮಿಕ್ಕ ಯಾವ ಮಾತೂ ತಲೆಗೆ ಹೋಗುವುದಿಲ್ಲ. ನಿಮ್ಮಿಂದ ಯಾವ ತಪ್ಪೂ ಆಗಿಲ್ಲ. ನೀವು ತಿಂದದ್ದು, ಬಿಟ್ಟದ್ದು, ಮಾಡಿದ ಕೆಲಸ, ಪಟ್ಟ ಚಿಂತೆ, ಇವು ಯಾವುದರಿಂದಲೂ ಈ ತಡೆ ಉಂಟಾಗುವುದಿಲ್ಲ. ಗರ್ಭದ ಮೊದಲ ತಿಂಗಳುಗಳಲ್ಲಿ ಮೂತ್ರನಾಳ (ಮೂತ್ರಕೋಶದಿಂದ ಮೂತ್ರ ಹೊರಗೆ ಬರುವ ದಾರಿ) ರೂಪುಗೊಳ್ಳುವಾಗ ಅದರ ಒಳಗಿನ ಮಡಿಕೆಗಳು ಸರಿಯಾಗಿ ಬೆಳೆಯದೆ ತೆಳುವಾದ ಪೊರೆಯಾಗಿ ಉಳಿದುಬಿಡುತ್ತವೆ. ಸುಮಾರು 5,000ದಿಂದ 8,000 ಗಂಡುಮಕ್ಕಳಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಬಹುಪಾಲು ಕುಟುಂಬಗಳಲ್ಲಿ ಒಂದೇ ಮಗುವಿಗೆ ಬಂದು ಅಲ್ಲಿಗೇ ನಿಲ್ಲುತ್ತದೆ.

ಈ ಪೊರೆಯನ್ನೇ ‘ವಾಲ್ವ್’ ಎನ್ನುತ್ತಾರೆ. ಇದು ಇರುವುದು ಮೂತ್ರಕೋಶದ ಕೆಳಗೆ, ಮೂತ್ರನಾಳದ ಹಿಂಭಾಗದಲ್ಲಿ. ಕೆಳಗಿನಿಂದ ತೆಳುವಾದ ಕೊಳವೆಯೊಂದನ್ನು ತೂರಿಸಿದರೆ ಅದು ಸರಾಗವಾಗಿ ದಾಟಿಹೋಗುತ್ತದೆ. ಆದರೆ ಮೇಲಿನಿಂದ ಮೂತ್ರ ಬಂದಾಗ ಪೊರೆಯ ಎರಡು ಎಸಳುಗಳು ಗಾಳಿ ತುಂಬಿದ ಹಾಯಿಯಂತೆ ಉಬ್ಬಿ ದಾರಿಯನ್ನು ಮುಚ್ಚಿಬಿಡುತ್ತವೆ. ಆಗ ಮೂತ್ರಕೋಶ ಇನ್ನಷ್ಟು ಬಲವಾಗಿ ತಳ್ಳಬೇಕಾಗುತ್ತದೆ. ತಳ್ಳಿ ತಳ್ಳಿ ಅದರ ಗೋಡೆ ದಪ್ಪವಾಗುತ್ತದೆ, ಒಳಗಿನ ಒತ್ತಡ ಏರುತ್ತದೆ. ಆ ಒತ್ತಡ, ಕಿಡ್ನಿಯಿಂದ ಮೂತ್ರಕೋಶಕ್ಕೆ ಮೂತ್ರ ತರುವ ಮೂತ್ರವಾಹಿನಿಗಳ ಮೂಲಕ ಮೇಲೇರಿ ಕಿಡ್ನಿಗೆ ತಟ್ಟುತ್ತದೆ. ಸ್ಕ್ಯಾನ್‌ನಲ್ಲಿ ಹಿಗ್ಗಿದ ಮೂತ್ರಕೋಶ, ಅದರ ಕೆಳಗೆ ಹಿಗ್ಗಿದ ನಾಳದ ತುಂಡು ಎರಡೂ ಸೇರಿ ಬೀಗದ ಕಿಂಡಿಯ ಆಕಾರದಲ್ಲಿ ಕಾಣುತ್ತವೆ. ವರದಿಗಳಲ್ಲಿ ‘ಕೀಹೋಲ್’ ಎಂದು ಬರೆಯುವುದು ಇದನ್ನೇ. ಆದರೆ ಈ ಚಿತ್ರವೊಂದರಿಂದಲೇ ವಾಲ್ವ್ ಎಂದು ತೀರ್ಮಾನಿಸಲಾಗದು. ಮೂತ್ರ ಕಿಡ್ನಿಗಳತ್ತ ವಾಪಸು ಹರಿಯುವ ತೊಂದರೆ, ಮೂತ್ರನಾಳವೇ ಪೂರ್ತಿ ಮುಚ್ಚಿಕೊಂಡಿರುವ ಸ್ಥಿತಿ, ಹೊಟ್ಟೆಯ ಸ್ನಾಯುಗಳು ಬೆಳೆಯದೇ ಇರುವ ‘ಪ್ರೂನ್ ಬೆಲ್ಲಿ’ ಎಂಬ ತೊಂದರೆ, ಇವೂ ಸ್ಕ್ಯಾನ್‌ನಲ್ಲಿ ಹೀಗೆಯೇ ಕಾಣಬಹುದು. ವಾಲ್ವ್ ಹೌದೋ ಅಲ್ಲವೋ ಎಂಬುದು ಖಚಿತವಾಗುವುದು ಮಗು ಹುಟ್ಟಿದ ಮೇಲೆಯೇ.

ಒಂದೇ ಕಡೆಯ ಕಿಡ್ನಿ ಮಾತ್ರ ಊದಿ, ಮೂತ್ರಕೋಶವೂ ಗರ್ಭದ ನೀರೂ ಸಹಜವಾಗಿದ್ದರೆ ಅದು ಬೇರೆಯೇ ವಿಷಯ. ಕಿಡ್ನಿಯಿಂದ ಮೂತ್ರವಾಹಿನಿ ಹೊರಡುವ ಕಡೆ ಆಗುವ ಇಕ್ಕಟ್ಟು ಇದಕ್ಕಿಂತ ಎಷ್ಟೋ ಪಾಲು ಸಾಮಾನ್ಯ, ಮತ್ತು ಅಂಥ ಮಕ್ಕಳಲ್ಲಿ ಬಹಳಷ್ಟು ಮಂದಿಗೆ ಆಪರೇಷನ್ನೇ ಬೇಕಾಗುವುದಿಲ್ಲ. ಕಿಡ್ನಿ ಊದಿರುವುದನ್ನು ಹೇಳುವ ‘ಹೈಡ್ರೋನೆಫ್ರೋಸಿಸ್’ ಎಂಬ ಒಂದೇ ಪದ ಎರಡೂ ವರದಿಗಳಲ್ಲಿ ಇರುವುದರಿಂದ ಕುಟುಂಬಗಳು ವೃಥಾ ಹೆದರುವುದನ್ನು ನೋಡಿದ್ದೇನೆ. ಹಾಗೆಯೇ 11ರಿಂದ 14ನೇ ವಾರದ ಸ್ಕ್ಯಾನ್‌ನಲ್ಲಿ ಮೂತ್ರಕೋಶದ ಉದ್ದ 7ರಿಂದ 15 ಮಿಲಿಮೀಟರ್ ಇದ್ದು ಕ್ರೋಮೋಸೋಮ್ ಪರೀಕ್ಷೆ ಸರಿಯಾಗಿದ್ದರೆ, ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳಲ್ಲಿ ಅದು ತಾನಾಗಿಯೇ ಸರಿಹೋಗುತ್ತದೆ. 15 ಮಿಲಿಮೀಟರ್ ದಾಟಿದರೆ ತಡೆ ಇರುವ ಸಂಭವವೇ ಹೆಚ್ಚು.

ನಿಮ್ಮ ವರದಿಯಲ್ಲಿ ನಾನು ಮೊದಲು ಹುಡುಕುವುದು ಎರಡು ವಿವರಗಳನ್ನು. ಒಂದು, ಗರ್ಭದ ನೀರು. ಸುಮಾರು 16ನೇ ವಾರದ ನಂತರ ಆ ನೀರಿನ ಬಹುಪಾಲು ಮಗುವಿನ ಮೂತ್ರವೇ ಆಗಿರುತ್ತದೆ. ಮಗು ಆ ನೀರಿನಲ್ಲಿ ಉಸಿರಾಟದ ಅಭ್ಯಾಸ ಮಾಡುತ್ತಾ ಶ್ವಾಸಕೋಶವನ್ನು ಬೆಳೆಸಿಕೊಳ್ಳುತ್ತದೆ. 16ರಿಂದ 26ನೇ ವಾರದವರೆಗಿನ ಕಾಲ ಶ್ವಾಸಕೋಶಕ್ಕೆ ಬಹಳ ಮುಖ್ಯ. ಆಗ ನೀರು ಬತ್ತಿಹೋದರೆ ಹುಟ್ಟಿದ ಮಗುವಿಗೆ ಉಸಿರಾಡುವಷ್ಟು ಶ್ವಾಸಕೋಶವೇ ಇರುವುದಿಲ್ಲ. ಈ ಕಾಯಿಲೆಯಲ್ಲಿ ಮೊದಲ ದಿನಗಳಲ್ಲಿ ಮಗುವನ್ನು ಕಳೆದುಕೊಳ್ಳುವುದು ಹೆಚ್ಚಾಗಿ ಇದರಿಂದಲೇ ಹೊರತು ಕಿಡ್ನಿಯಿಂದ ಅಲ್ಲ. ಎರಡು, ಕಿಡ್ನಿಯ ಮಾಂಸಲ ಭಾಗ ಹೇಗೆ ಕಾಣುತ್ತಿದೆ ಎಂಬುದು. ಅದು ಅತಿಯಾಗಿ ಬೆಳ್ಳಗೆ ಹೊಳೆಯುತ್ತಿದ್ದರೆ, ಸಣ್ಣ ಸಣ್ಣ ನೀರುಗುಳ್ಳೆಗಳಿದ್ದರೆ, ಕಿಡ್ನಿ ಆಗಲೇ ತಪ್ಪಾಗಿ ರೂಪುಗೊಂಡಿದೆ ಎಂದರ್ಥ. ನೀವು ‘ಸ್ವಲ್ಪ ಕಡಿಮೆ’ ಎಂದು ಬರೆದಿದ್ದೀರಿ. ವರದಿಯಲ್ಲಿ ಅಂಕಿ ಇರುತ್ತದೆ, ನೋಡಿ. ನೀರಿನ ಅತಿ ಆಳದ ಜಾಗ 2 ಸೆಂಟಿಮೀಟರ್‌ಗಿಂತ ಹೆಚ್ಚಿದ್ದರೆ ಇನ್ನೂ ಅವಕಾಶವಿದೆ. ಆದರೆ ಒಂದೇ ಸ್ಕ್ಯಾನ್ ನಂಬಿ ಕೂರುವ ಕಾಲವಲ್ಲ ಇದು. ವಾರಕ್ಕೊಮ್ಮೆ, ಹೆಚ್ಚೆಂದರೆ ಎರಡು ವಾರಕ್ಕೊಮ್ಮೆ ನೀರಿನ ಪ್ರಮಾಣವನ್ನು ಅಳೆಯಿಸಲೇಬೇಕು.

ಈಗ ನಳಿಕೆಯ ವಿಷಯ. ತಾಯಿಯ ಹೊಟ್ಟೆಯ ಮೂಲಕ ಸೂಜಿ ಹಾಕಿ, ಮಗುವಿನ ಮೂತ್ರಕೋಶದಿಂದ ಗರ್ಭದ ನೀರಿಗೆ ಮೂತ್ರ ಹರಿಯುವಂತೆ ಎರಡೂ ತುದಿ ಸುರುಳಿಯಾಗಿರುವ ಪುಟ್ಟ ನಳಿಕೆಯೊಂದನ್ನು ಕೂರಿಸುತ್ತಾರೆ. ಇದಕ್ಕೆ ಶಂಟ್ ಎನ್ನುತ್ತಾರೆ. ಮೂತ್ರ ಹೊರಬಂದರೆ ನೀರು ತುಂಬುತ್ತದೆ, ನೀರು ತುಂಬಿದರೆ ಶ್ವಾಸಕೋಶ ಬೆಳೆಯುತ್ತದೆ. ತರ್ಕ ಚೆನ್ನಾಗಿದೆ. ಫಲ ಅಷ್ಟು ಸರಳವಾಗಿಲ್ಲ. ಇದನ್ನು ಒರೆಗೆ ಹಚ್ಚಲು ಬ್ರಿಟನ್, ಐರ್ಲೆಂಡ್ ಮತ್ತು ನೆದರ್ಲೆಂಡ್ಸ್‌ನಲ್ಲಿ ‘ಪ್ಲೂಟೋ’ ಎಂಬ ಅಧ್ಯಯನ ನಡೆದು 2013ರಲ್ಲಿ ಪ್ರಕಟವಾಯಿತು. 150 ಗರ್ಭಿಣಿಯರು ಬೇಕಿದ್ದರು, ಸೇರಿದವರು 31 ಮಂದಿ ಮಾತ್ರ. ಶಂಟ್ ಗುಂಪಿನ 16 ಮಕ್ಕಳಲ್ಲಿ 8 ಮಕ್ಕಳು, ಶಂಟ್ ಇಲ್ಲದ ಗುಂಪಿನ 15 ಮಕ್ಕಳಲ್ಲಿ 4 ಮಕ್ಕಳು 28 ದಿನ ದಾಟಿ ಬದುಕಿದರು. ಎರಡು ವರ್ಷದ ಹೊತ್ತಿಗೆ ಕಿಡ್ನಿ ಸಹಜವಾಗಿದ್ದ ಮಕ್ಕಳು ಕೇವಲ ಇಬ್ಬರು, ಇಬ್ಬರೂ ಶಂಟ್ ಗುಂಪಿನವರು. ಇಷ್ಟು ಚಿಕ್ಕ ಅಧ್ಯಯನದಿಂದ ಅಂತಿಮ ತೀರ್ಪು ಕೊಡಲಾಗದು. ಆದರೆ ನಾನು ಪೋಷಕರಿಗೆ ಹೇಳುವ ಮಾತು ಈ ಅಂಕಿಗಳಲ್ಲಿಯೇ ಇದೆ: ಶಂಟ್ ಹಾಕುವುದು ಶ್ವಾಸಕೋಶಕ್ಕಾಗಿ, ಮಗು ಬದುಕುವುದಕ್ಕಾಗಿ. ಅದು ಕಿಡ್ನಿಯನ್ನು ಉಳಿಸುತ್ತದೆ ಎಂಬ ಭರವಸೆಯನ್ನು ಯಾರೂ ಕೊಡುವಂತಿಲ್ಲ.

ಅದಕ್ಕೇ ಶಂಟ್‌ಗೆ ಮುನ್ನ ಪರೀಕ್ಷೆಗಳು ಇರುತ್ತವೆ. ಸೂಕ್ಷ್ಮ ಸ್ಕ್ಯಾನ್ ಮಾಡಿ ಹೃದಯ, ಬೆನ್ನುಹುರಿ ಮೊದಲಾದ ಕಡೆ ಬೇರೆ ದೋಷಗಳಿಲ್ಲ ಎಂದು ನೋಡಬೇಕು. ಕ್ರೋಮೋಸೋಮ್ ಪರೀಕ್ಷೆಯಾಗಬೇಕು. ಮಗುವಿನ ಮೂತ್ರವನ್ನೇ ಸೂಜಿಯಿಂದ ತೆಗೆದು ಪರೀಕ್ಷಿಸುತ್ತಾರೆ. ಆರೋಗ್ಯವಂತ ಕಿಡ್ನಿ ಉಪ್ಪಿನಂಶವನ್ನು ಒಳಗೆ ಉಳಿಸಿಕೊಂಡು ತಿಳಿಯಾದ ಮೂತ್ರವನ್ನು ಹೊರಗೆ ಬಿಡುತ್ತದೆ. ಆದ್ದರಿಂದ ಮೂತ್ರದಲ್ಲಿ ಸೋಡಿಯಂ ಲೀಟರಿಗೆ 100 ಮಿಲಿಮೋಲ್‌ಗಿಂತ ಕಡಿಮೆ ಇದ್ದರೆ ಅದು ಒಳ್ಳೆಯ ಸೂಚನೆ. ಮೊದಲ ಬಾರಿ ಸಿಗುವುದು ಬಹುದಿನ ನಿಂತ ಹಳೆಯ ಮೂತ್ರ. ಹೀಗಾಗಿ ಒಂದೆರಡು ದಿನ ಬಿಟ್ಟು ಮತ್ತೆ ತೆಗೆದು ನೋಡುವುದು ಒಳ್ಳೆಯದು. ಖಾಲಿಯಾದ ಮೂತ್ರಕೋಶ 48 ಗಂಟೆಯೊಳಗೆ ಮತ್ತೆ ತುಂಬಿಕೊಂಡಿತೇ ಎಂಬುದು ಕೂಡ ಕಿಡ್ನಿಯ ಬಗ್ಗೆ ಹೇಳುತ್ತದೆ. ಶಂಟ್ ಜಾರಿಹೋಗುವುದು, ಕಟ್ಟಿಕೊಳ್ಳುವುದು ಅಪರೂಪವಲ್ಲ. ಆಗ ಮತ್ತೊಂದು ಹಾಕಬೇಕಾಗುತ್ತದೆ. ನೀರಿನ ಚೀಲ ಒಡೆದು ಅವಧಿಗೆ ಮುಂಚೆ ಹೆರಿಗೆಯಾಗುವ ಅಪಾಯವೂ ಇದೆ. ಗರ್ಭದಲ್ಲಿಯೇ ಒಳಭಾಗವನ್ನು ತೋರಿಸುವ ತೆಳು ನಳಿಕೆ (ಎಂಡೋಸ್ಕೋಪ್) ತೂರಿಸಿ ಪೊರೆಯನ್ನೇ ಸೀಳುವ ಪ್ರಯತ್ನವೂ ಕೆಲವೆಡೆ ನಡೆದಿದೆ. ಅಷ್ಟು ಸಣ್ಣ ಮಗುವಿನಲ್ಲಿ ಪಕ್ಕದ ಅಂಗಾಂಶಗಳಿಗೆ ಪೆಟ್ಟು ಬೀಳುವ ಭಯವಿರುವುದರಿಂದ ಅದು ಇನ್ನೂ ರೂಢಿಯ ಚಿಕಿತ್ಸೆಯಾಗಿಲ್ಲ.

ನಿಮ್ಮ ಸ್ಥಿತಿಗೆ ಇದನ್ನು ಹೊಂದಿಸಿ ಹೇಳುವುದಾದರೆ: ನೀರು ಸಾಕಷ್ಟಿದ್ದರೆ ಶಂಟ್ ಬೇಡ, ಕಾದು ನೋಡುವುದೇ ಸರಿ. ನೀರು ಇಳಿಯುತ್ತಾ ಹೋಗಿ, ಕಿಡ್ನಿಯಲ್ಲಿ ನೀರುಗುಳ್ಳೆಗಳಿಲ್ಲದೆ, ಮೂತ್ರದ ಪರೀಕ್ಷೆಯೂ ಒಳ್ಳೆಯದಿದ್ದರೆ ಶಂಟ್ ಬಗ್ಗೆ ಗಂಭೀರವಾಗಿ ಯೋಚಿಸಬೇಕು. ಆಗ ದಿನಗಳನ್ನು ಕಳೆಯಬಾರದು. ನೀರು ಪೂರ್ತಿ ಬತ್ತಿ, ಎರಡೂ ಕಿಡ್ನಿಗಳಲ್ಲಿ ಗುಳ್ಳೆಗಳು ತುಂಬಿದ್ದರೆ ಶಂಟ್‌ನಿಂದ ಏನೂ ಬದಲಾಗದಿರಬಹುದು. ಅಂಥ ಹಂತದಲ್ಲಿ ಗರ್ಭವನ್ನು ಮುಂದುವರಿಸುವ ಅಥವಾ ಬಿಡುವ ನಿರ್ಧಾರ ಪೂರ್ತಿಯಾಗಿ ನಿಮ್ಮಿಬ್ಬರದು. ಯಾವ ವೈದ್ಯರೂ ನಿಮ್ಮನ್ನು ಯಾವ ದಿಕ್ಕಿಗೂ ತಳ್ಳಬಾರದು, ಅದೇ ಹೊತ್ತಿಗೆ ಕಹಿಯಾದ ಸತ್ಯವನ್ನು ಮರೆಮಾಡಲೂಬಾರದು.

ಬೇಗ ಹೆರಿಗೆ? ಬೇಡ. ಕಿಡ್ನಿಯ ಸೋಸುವ ಘಟಕಗಳು ಸುಮಾರು 36ನೇ ವಾರದವರೆಗೂ ಹುಟ್ಟುತ್ತಲೇ ಇರುತ್ತವೆ. ಅವಧಿಗೆ ಮುಂಚೆ ಹೊರಬಂದ ಮಗುವಿಗೆ ಕಿಡ್ನಿಯೂ ಶ್ವಾಸಕೋಶವೂ ಎರಡು ಕಡೆಯಿಂದ ನಷ್ಟ. ಬೇರೆ ಕಾರಣವಿಲ್ಲದಿದ್ದರೆ ಅವಧಿ ತುಂಬುವವರೆಗೆ ಕಾಯಬೇಕು. ಸಿಸೇರಿಯನ್ ಕೂಡ ಇದಕ್ಕಾಗಿಯೇ ಬೇಕಿಲ್ಲ. ಬೇಕಾದದ್ದು ಹೆರಿಗೆಯ ಜಾಗ: ನವಜಾತ ಶಿಶುಗಳ ತೀವ್ರ ನಿಗಾ ಘಟಕ, ಮಕ್ಕಳ ಶಸ್ತ್ರವೈದ್ಯರು, ಮಕ್ಕಳ ಕಿಡ್ನಿ ತಜ್ಞರು ಮೂವರೂ ಒಂದೇ ಸೂರಿನಡಿ ಇರುವ ಆಸ್ಪತ್ರೆ. ಹುಟ್ಟಿದ ಮೇಲೆ ಮಗುವನ್ನು ಸಾಗಿಸುವುದಕ್ಕಿಂತ ಹೊಟ್ಟೆಯಲ್ಲಿರುವಾಗಲೇ ನೀವು ಅಲ್ಲಿಗೆ ಹೋಗಿ ಸೇರುವುದು ಎಷ್ಟೋ ಸುರಕ್ಷಿತ.

ಮಗು ಹುಟ್ಟಿದ ಕೂಡಲೇ ನೋಡುವುದು ಉಸಿರಾಟವನ್ನು. ಉಸಿರು ಸರಿಯಿದ್ದರೆ ಮುಂದಿನ ಕೆಲಸ ಕ್ಯಾಥೆಟರ್, ಅಂದರೆ ಮೂತ್ರಕೋಶವನ್ನು ಖಾಲಿ ಮಾಡುವ ಕೊಳವೆ ಹಾಕುವುದು. ಈ ಪುಟ್ಟ ಹಂತದ ಬಗ್ಗೆ ನಾನು ಕಿರಿಯ ವೈದ್ಯರಿಗೆ ಮತ್ತೆ ಮತ್ತೆ ಹೇಳುತ್ತೇನೆ, ನೀವೂ ತಿಳಿದಿರಿ. ನವಜಾತ ಶಿಶುವಿಗೆ ಹಾಲುಣಿಸಲು ಬಳಸುವ 5 ಅಥವಾ 6 ಫ್ರೆಂಚ್ ಅಳತೆಯ ತೆಳು ಕೊಳವೆಯೇ ಇಲ್ಲಿ ಕ್ಯಾಥೆಟರ್. ಬಲೂನ್ ಇರುವ ಕ್ಯಾಥೆಟರ್ ಆದಷ್ಟು ಬೇಡ. ದಪ್ಪ ಗೋಡೆಯ ಪುಟ್ಟ ಮೂತ್ರಕೋಶದಲ್ಲಿ ಆ ಬಲೂನು ಉಬ್ಬಿದಾಗ ಮೂತ್ರಕೋಶ ಸೆಟೆದುಕೊಂಡು ಮೂತ್ರವಾಹಿನಿಗಳ ಬಾಯಿಯನ್ನೇ ಒತ್ತಿಹಿಡಿಯಬಹುದು. ಇನ್ನೊಂದು, ಕೊಳವೆ ಒಳಗೆ ಹೋದ ಮಾತ್ರಕ್ಕೆ ಮೂತ್ರಕೋಶವನ್ನು ತಲುಪಿತು ಎಂದಲ್ಲ. ಹಿಗ್ಗಿದ ಹಿಂಭಾಗದ ನಾಳದಲ್ಲಿಯೇ ಅದು ಸುತ್ತಿಕೊಂಡು ಕೂತುಬಿಡುತ್ತದೆ, ಹನಿ ಹನಿಯಾಗಿ ಮೂತ್ರವೂ ಬರುತ್ತದೆ, ಎಲ್ಲವೂ ಸರಿಯಾಗಿದೆ ಅನ್ನಿಸುತ್ತದೆ, ಮೇಲೆ ಮೂತ್ರಕೋಶ ಮಾತ್ರ ತುಂಬಿಯೇ ಇರುತ್ತದೆ. ಆದ್ದರಿಂದ ಕೊಳವೆ ಹಾಕಿದ ಮೇಲೆ ಅಲ್ಟ್ರಾಸೌಂಡ್ ಇಟ್ಟು ತುದಿ ಎಲ್ಲಿದೆ, ಮೂತ್ರಕೋಶ ಖಾಲಿಯಾಯಿತೇ ಎಂದು ಕಣ್ಣಾರೆ ನೋಡಬೇಕು.

ತಡೆ ಬಿಟ್ಟ ಮೇಲೆ ಕೆಲವು ಮಕ್ಕಳಲ್ಲಿ ಮೂತ್ರ ಧಾರಾಳವಾಗಿ ಸುರಿಯತೊಡಗುತ್ತದೆ. ನೋಡುವವರಿಗೆ ಸಂತೋಷ, ಆದರೆ ಅದರ ಜೊತೆ ಸೋಡಿಯಂ, ಬೈಕಾರ್ಬೊನೇಟ್ ಕೂಡ ಹರಿದುಹೋಗುತ್ತವೆ. ಗಂಟೆಗೆ ಎಷ್ಟು ಮೂತ್ರ ಬಂತು ಎಂದು ಅಳೆದು ಅದಕ್ಕೆ ತಕ್ಕಂತೆ ಡ್ರಿಪ್ ಕೊಡಬೇಕಾಗುತ್ತದೆ. ಕಿಡ್ನಿ ಎಷ್ಟು ಸೋಸುತ್ತಿದೆ ಎಂದು ತೋರಿಸುವ ರಕ್ತಪರೀಕ್ಷೆಯಾದ ಕ್ರಿಯಾಟಿನಿನ್‌ನ ಮೊದಲ ದಿನದ ಅಂಕಿ ನೋಡಿ ಹೆದರಬೇಡಿ, ಹಿಗ್ಗಲೂ ಬೇಡಿ; ಅದು ಬಹುಮಟ್ಟಿಗೆ ತಾಯಿಯ ರಕ್ತದ್ದು. ಎರಡು ಮೂರು ದಿನ ಕಳೆದ ಮೇಲಿನದೇ ಮಗುವಿನದು. ಸೋಂಕು ತಡೆಯಲು ಕಡಿಮೆ ಪ್ರಮಾಣದ ಆ್ಯಂಟಿಬಯಾಟಿಕ್ ಆರಂಭಿಸುತ್ತಾರೆ. ಆಮೇಲೆ ಮೂತ್ರಕೋಶಕ್ಕೆ ಬಣ್ಣದ ದ್ರವ ತುಂಬಿ, ಮಗು ಮೂತ್ರ ಮಾಡುವಾಗ ಎಕ್ಸ್‌ರೇ ತೆಗೆಯುತ್ತಾರೆ. ಎಂಸಿಯು ಎಂಬ ಈ ಪರೀಕ್ಷೆಯಲ್ಲಿ ವಾಲ್ವ್ ಸ್ಪಷ್ಟವಾಗುತ್ತದೆ. ಅರ್ಧದಷ್ಟು ಮಕ್ಕಳಲ್ಲಿ ಮೂತ್ರ ಕಿಡ್ನಿಯತ್ತ ವಾಪಸು ಹರಿಯುವುದೂ ಇದರಲ್ಲಿ ಕಾಣುತ್ತದೆ. ಅದಕ್ಕೆ ಆಗಲೇ ಬೇರೆ ಆಪರೇಷನ್ ಬೇಕಿಲ್ಲ, ತಡೆ ತೆಗೆದ ಮೇಲೆ ಎಷ್ಟೋ ಸಲ ತಗ್ಗುತ್ತದೆ.

ವಾಲ್ವ್ ತೆಗೆಯುವ ಆಪರೇಷನ್ ಚಿಕ್ಕದು. ಮೂತ್ರದ್ವಾರದ ಮೂಲಕವೇ ತೆಳು ಎಂಡೋಸ್ಕೋಪ್ ತೂರಿಸಿ ಪೊರೆಯನ್ನು ಎರಡು ಮೂರು ಕಡೆ ಸೀಳುತ್ತಾರೆ. ಹೊರಗೆ ಗಾಯವಿಲ್ಲ, ಹೊಲಿಗೆಯಿಲ್ಲ. ಮಗು ತೀರಾ ಚಿಕ್ಕದಾಗಿ ಉಪಕರಣ ಹೋಗದಿದ್ದರೆ, ಹೊಕ್ಕುಳ ಕೆಳಗೆ ಮೂತ್ರಕೋಶಕ್ಕೆ ತಾತ್ಕಾಲಿಕ ಬಾಯಿ ಮಾಡಿ ಮೂತ್ರ ಡಯಾಪರ್‌ಗೆ ಹರಿಯಲು ಬಿಡುತ್ತಾರೆ. ಮಗು ಬೆಳೆದ ಮೇಲೆ ವಾಲ್ವ್ ಸೀಳಿ ಅದನ್ನು ಮುಚ್ಚುತ್ತಾರೆ. ಕೆಲವು ತಿಂಗಳ ನಂತರ ಮತ್ತೊಮ್ಮೆ ಪರೀಕ್ಷಿಸಿ ಪೊರೆಯ ತುಣುಕು ಉಳಿದಿಲ್ಲ ಎಂದು ಖಚಿತಪಡಿಸಿಕೊಳ್ಳಲೇಬೇಕು. ಮುಂದೊಗಲು ತೆಗೆಯುವ ವಿಷಯವೂ ಇಲ್ಲಿ ಬರುತ್ತದೆ. ಈ ಮಕ್ಕಳಲ್ಲಿ ಜ್ವರ ಬರುವಂಥ ಮೂತ್ರದ ಸೋಂಕನ್ನು ಅದು ಸ್ಪಷ್ಟವಾಗಿ ಕಡಿಮೆ ಮಾಡುತ್ತದೆ: 2022ರಲ್ಲಿ ಪ್ರಕಟವಾದ 91 ಮಕ್ಕಳ ಅಧ್ಯಯನದಲ್ಲಿ, ಆ್ಯಂಟಿಬಯಾಟಿಕ್ ಒಂದನ್ನೇ ಕೊಟ್ಟವರಲ್ಲಿ ಎರಡು ವರ್ಷದೊಳಗೆ ಸೋಂಕಿನ ಸಂಭವ ಶೇಕಡಾ 20 ಇದ್ದರೆ, ಜೊತೆಗೆ ಮುಂದೊಗಲನ್ನೂ ತೆಗೆದವರಲ್ಲಿ ಶೇಕಡಾ 3. ಪ್ರತಿ ಸೋಂಕೂ ಕಿಡ್ನಿಯ ಮೇಲೆ ಒಂದು ಕಲೆ ಬಿಟ್ಟುಹೋಗಬಹುದು. ಹಾಗಾಗಿ ನಾನು ಇದನ್ನು ಪೋಷಕರ ಮುಂದೆ ಇಡುತ್ತೇನೆ. ಒಪ್ಪುವುದು ಬಿಡುವುದು ಅವರಿಗೆ ಸೇರಿದ್ದು.

‘ಪೂರ್ತಿ ವಾಸಿಯಾಗುತ್ತದೆಯೇ’ ಎಂದು ಕೇಳಿದ್ದೀರಿ. ಈ ಕಾಯಿಲೆಯಲ್ಲಿ ನನಗೆ ಅತ್ಯಂತ ಸಂಕಟ ಕೊಡುವುದು ಇದೇ ಜಾಗ. ಆಪರೇಷನ್ ಮುಗಿಯುತ್ತದೆ, ಮಗು ಚೆನ್ನಾಗಿ ಮೂತ್ರ ಮಾಡುತ್ತದೆ, ಕುಟುಂಬ ನೆಮ್ಮದಿಯಿಂದ ಮನೆಗೆ ಹೋಗುತ್ತದೆ. ಮತ್ತೆ ಆಸ್ಪತ್ರೆಗೆ ಬರುವುದು ಹುಡುಗನಿಗೆ ಹತ್ತೋ ಹನ್ನೆರಡೋ ವರ್ಷವಾಗಿ, ಬೆಳವಣಿಗೆ ಕುಂಠಿತವಾಗಿ, ಕಿಡ್ನಿ ಮುಕ್ಕಾಲು ಸೋತ ಮೇಲೆ. ತಡೆ ಹೋಗಿತ್ತು. ಆದರೆ ಗರ್ಭದಲ್ಲಿ ತಿಂಗಳುಗಟ್ಟಲೆ ಒತ್ತಡದ ವಿರುದ್ಧ ಹೆಣಗಿದ ಮೂತ್ರಕೋಶ ಹಾಗೆಯೇ ಉಳಿದಿತ್ತು, ಅದನ್ನು ಯಾರೂ ನೋಡಿರಲಿಲ್ಲ. ಈ ಮಕ್ಕಳಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಬಾಲ್ಯದಿಂದ ಯೌವನದವರೆಗಿನ ಯಾವುದೋ ಹಂತದಲ್ಲಿ ಡಯಾಲಿಸಿಸ್ ಅಥವಾ ಕಿಡ್ನಿ ಕಸಿ ಬೇಕಾಗುತ್ತದೆ. ಯಾರಿಗೆ ಎಂಬುದರ ಒಳ್ಳೆಯ ಸುಳಿವು ಮೊದಲ ವರ್ಷದಲ್ಲಿ ಕ್ರಿಯಾಟಿನಿನ್ ಇಳಿಯುವ ಅತಿ ಕಡಿಮೆ ಮಟ್ಟ. ಅದು ಡೆಸಿಲೀಟರಿಗೆ 0.8 ಮಿಲಿಗ್ರಾಂಗಿಂತ ಕೆಳಗಿದ್ದರೆ ನಿರೀಕ್ಷೆ ಚೆನ್ನಾಗಿದೆ. 1 ದಾಟಿಯೇ ಉಳಿದರೆ ಮುಂದೆ ಕಿಡ್ನಿ ಸೋಲುವ ಸಂಭವ ಹೆಚ್ಚು. ಆ ಅಂಕಿಯನ್ನು ಮಗುವಿನ ಲಸಿಕೆ ಪುಸ್ತಕದಲ್ಲಿಯೇ ಬರೆದಿಟ್ಟುಕೊಳ್ಳಿ.

ಮೂತ್ರಕೋಶದ ಕಥೆ ವಯಸ್ಸಿನೊಂದಿಗೆ ಬದಲಾಗುತ್ತದೆ. ಶೈಶವದಲ್ಲಿ ಅದು ಅತಿಯಾಗಿ ಸೆಟೆದುಕೊಳ್ಳುತ್ತದೆ, ಒಳಗಿನ ಒತ್ತಡ ಜಾಸ್ತಿ ಇರುತ್ತದೆ. ಆಕ್ಸಿಬ್ಯುಟಿನಿನ್‌ನಂಥ ಔಷಧ ಅದನ್ನು ಸಡಿಲಿಸುತ್ತದೆ. ಹದಿಹರೆಯದ ಹೊತ್ತಿಗೆ ಅದೇ ಮೂತ್ರಕೋಶ ದಣಿದು, ದೊಡ್ಡದಾಗಿ, ಪೂರ್ತಿ ಖಾಲಿ ಮಾಡಲಾರದೆ ಹೋಗಬಹುದು. ಜೊತೆಗೆ ಹಾನಿಗೊಂಡ ಕಿಡ್ನಿ ಮೂತ್ರವನ್ನು ಗಟ್ಟಿ ಮಾಡಲಾರದು, ಆದ್ದರಿಂದ ದಿನವಿಡೀ ನೀರಿನಂಥ ಮೂತ್ರ ಬಹಳವಾಗಿ ಬರುತ್ತದೆ. ಸುಸ್ತಾದ ಮೂತ್ರಕೋಶಕ್ಕೆ ಮೇಲಿನಿಂದ ಇಷ್ಟು ಮೂತ್ರ ಬಂದು ಬಿದ್ದರೆ ಒತ್ತಡ ಮತ್ತೆ ಕಿಡ್ನಿಗೇ ಏರುತ್ತದೆ. ಐದಾರು ವರ್ಷದ ಹುಡುಗ ಹಾಸಿಗೆ ಒದ್ದೆ ಮಾಡುತ್ತಾನೆಂದು ಸಂಜೆಯಿಂದಲೇ ನೀರು ಕೊಡದೆ ಇರುವ ತಂದೆತಾಯಿಯರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಕಿಡ್ನಿಗೆ ನೀರನ್ನು ಉಳಿಸಿಕೊಳ್ಳುವ ಶಕ್ತಿಯಿಲ್ಲ. ಕುಡಿಯದಿದ್ದರೂ ಮೂತ್ರ ಹೋಗುತ್ತಲೇ ಇರುತ್ತದೆ, ಮಗು ಒಣಗುತ್ತದೆ. ವಾಂತಿ ಭೇದಿಯಾದಾಗ ಇಂಥ ಮಕ್ಕಳು ಬೇರೆ ಮಕ್ಕಳಿಗಿಂತ ಬೇಗ ಕುಸಿಯುತ್ತಾರೆ. ಹುಡುಗನನ್ನು ಬೈಯಬೇಡಿ, ಅವನು ಸೋಮಾರಿತನದಿಂದ ಒದ್ದೆ ಮಾಡುತ್ತಿಲ್ಲ. ಎರಡು ಮೂರು ಗಂಟೆಗೊಮ್ಮೆ ಶೌಚಾಲಯಕ್ಕೆ ಕಳಿಸಿ. ಮೂತ್ರ ಮಾಡಿದ ಮೇಲೆ ಕೆಲವು ನಿಮಿಷ ಬಿಟ್ಟು ಇನ್ನೊಮ್ಮೆ ಮಾಡಿಸಿ. ಎರಡನೆಯ ಸಲ ಬರುವ ಪ್ರಮಾಣ ನೋಡಿ ಎಷ್ಟೋ ತಾಯಂದಿರು ಬೆರಗಾಗುತ್ತಾರೆ. ಅಷ್ಟು ಮೂತ್ರ ಪ್ರತಿ ಬಾರಿ ಒಳಗೆ ಉಳಿಯುತ್ತಿತ್ತು. ಇದು ಸಾಲದಿದ್ದರೆ ಹೊತ್ತು ಹೊತ್ತಿಗೆ ತೆಳು ಕ್ಯಾಥೆಟರ್ ಹಾಕಿ ಖಾಲಿ ಮಾಡುವುದು, ರಾತ್ರಿಯಿಡೀ ಕ್ಯಾಥೆಟರ್ ಇಟ್ಟು ಮಲಗಿಸುವುದು, ಇವೆಲ್ಲ ಇವೆ. ಕೇಳಲು ಕ್ರೂರವಾಗಿದೆ, ಆದರೆ ರಾತ್ರಿ ಮೂತ್ರಕೋಶ ಖಾಲಿಯಿದ್ದರೆ ಊದಿದ ಕಿಡ್ನಿಗಳು ಇಳಿಯುವುದನ್ನು ಸ್ಕ್ಯಾನ್‌ನಲ್ಲಿ ನೋಡಿದ ಮೇಲೆ ನಾನು ಇದರ ಪರವಾಗಿ ಗಟ್ಟಿಯಾಗಿ ವಾದಿಸುತ್ತೇನೆ. ಕೆಳಗಿನಿಂದ ಹಾಕಿಸಿಕೊಳ್ಳಲು ಒಪ್ಪದ ಹುಡುಗರಿಗೆ ಅಪೆಂಡಿಕ್ಸ್ ಬಳಸಿ ಹೊಕ್ಕುಳಲ್ಲಿ ಪುಟ್ಟ ದಾರಿ ಮಾಡುವ, ಫ್ರಾನ್ಸ್‌ನ ಶಸ್ತ್ರವೈದ್ಯ ಪಾಲ್ ಮಿತ್ರೋಫನಾಫ್ 1980ರಲ್ಲಿ ಪ್ರಕಟಿಸಿದ ವಿಧಾನವಿದೆ.

ತಪಾಸಣೆಯಲ್ಲಿ ಪ್ರತಿ ಸಲವೂ ಎತ್ತರ, ತೂಕ, ರಕ್ತದೊತ್ತಡ, ಕ್ರಿಯಾಟಿನಿನ್, ಮೂತ್ರದಲ್ಲಿ ಪ್ರೋಟೀನ್ ನೋಡಬೇಕು; ಜೊತೆಗೆ ಅಲ್ಟ್ರಾಸೌಂಡ್, ಮೂತ್ರ ಮಾಡಿದ ಮೇಲೆ ಎಷ್ಟು ಉಳಿಯಿತು ಎಂಬ ಅಳತೆ. ಹುಡುಗ ಹದಿಹರೆಯದಲ್ಲಿ ಸರಸರನೆ ಬೆಳೆಯುವಾಗ ಸೀಮಿತ ಶಕ್ತಿಯ ಕಿಡ್ನಿಗೆ ಭಾರ ಹೆಚ್ಚಾಗುವುದರಿಂದ ಆ ವರ್ಷಗಳಲ್ಲಿ ಇನ್ನೂ ಹತ್ತಿರದಿಂದ ನೋಡಬೇಕು. ಕೊನೆಗೆ ಕಸಿ ಬೇಕಾದರೂ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಮೂತ್ರಕೋಶವನ್ನು ಮೊದಲೇ ಸಜ್ಜುಗೊಳಿಸಿದ್ದರೆ. ಶಾಲೆ, ಆಟ, ಮುಂದೆ ಮದುವೆ, ಮಕ್ಕಳು ಇವು ಬಹುಪಾಲು ಹುಡುಗರ ಬದುಕಿನಲ್ಲಿ ಸಹಜವಾಗಿಯೇ ನಡೆಯುತ್ತವೆ.

ಈ ವಾರವೇ ಭ್ರೂಣವೈದ್ಯ ತಜ್ಞರಿರುವ ದೊಡ್ಡ ಆಸ್ಪತ್ರೆಗೆ ಹೋಗಿ. ಇಲ್ಲಿಯವರೆಗಿನ ಎಲ್ಲ ಸ್ಕ್ಯಾನ್‌ಗಳನ್ನೂ, ಬರೆದ ವರದಿಯ ಜೊತೆ ಚಿತ್ರಗಳನ್ನೂ ತೆಗೆದುಕೊಂಡು ಹೋಗಿ. ನೀರು ಯಾವ ವಾರದಿಂದ ಇಳಿಯತೊಡಗಿತು ಎಂಬುದು ಅವುಗಳಲ್ಲಿ ಮಾತ್ರ ಇರುತ್ತದೆ. ನೀರಿನ ಆಳ ಎಷ್ಟು, ಕಿಡ್ನಿಯಲ್ಲಿ ಗುಳ್ಳೆಗಳಿವೆಯೇ, ಬೇರೆ ಅಂಗಗಳು ಸರಿಯಿವೆಯೇ, ಮುಂದಿನ ಸ್ಕ್ಯಾನ್ ಯಾವ ದಿನ ಎಂದು ಕೇಳಿ ಬರೆದುಕೊಳ್ಳಿ. ಹೆರಿಗೆಗೆ ಮುಂಚೆಯೇ ಮಕ್ಕಳ ಶಸ್ತ್ರವೈದ್ಯರನ್ನೂ ಕಿಡ್ನಿ ತಜ್ಞರನ್ನೂ ಒಮ್ಮೆ ಭೇಟಿಯಾಗಿ ಮಾತನಾಡಿ. ಈ ನಡುವೆ ಹೊಟ್ಟೆನೋವು, ನೀರು ಸೋರುವುದು, ರಕ್ತ ಕಾಣಿಸುವುದು, ಮಗುವಿನ ಅಲುಗಾಟ ಕಡಿಮೆಯಾಗುವುದು ಇವುಗಳಲ್ಲಿ ಯಾವುದು ಕಂಡರೂ ಮುಂದಿನ ತಪಾಸಣೆಯ ದಿನದವರೆಗೆ ಕಾಯದೆ ಆಸ್ಪತ್ರೆಗೆ ಹೋಗಿ.